ಕಾಳು ಕೋಳಿಗೋ, ಇಲಿಗೋ?

ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡಿರುವ ಸಹೋದರಿಯರೇ, ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬೆಳೆದ ಒಂದು ಇಲಿ ದಿನಕ್ಕೆ ಸುಮಾರು 20 ಗ್ರಾಂ ಕಾಳು ತಿನ್ನುತ್ತದೆ. ಗೂಡಿನ ಸುತ್ತಮುತ್ತ ಹತ್ತು ಇಲಿಗಳಿದ್ದರೆ ದಿನಕ್ಕೆ 200 ಗ್ರಾಂ, ತಿಂಗಳಿಗೆ 6 ಕಿಲೋ. ಎರಡು ಕೋಳಿಗಳ ಹೊಟ್ಟೆ ತುಂಬುವಷ್ಟು ಜೋಳ ಅದು. ಅಂದರೆ ಎಂದೂ ಮೊಟ್ಟೆ ಇಡದ ಎರಡು ಕೋಳಿಗಳನ್ನು ನೀವು ವರ್ಷವಿಡೀ ಸಾಕುತ್ತಿದ್ದೀರಿ! ಇಲಿಯ ಉಚ್ಚೆ, ಹಿಕ್ಕೆ ಬಿದ್ದು ಹಾಳಾಗುವ ಕಾಳು ಈ ಲೆಕ್ಕದಲ್ಲಿ ಸೇರಿಲ್ಲ. ಕದ್ದೊಯ್ದ ಮೊಟ್ಟೆ, ರಾತ್ರೋರಾತ್ರಿ ಮಾಯವಾದ ಮರಿಗಳೂ ಸೇರಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಕೋಳಿ ಎಂದರೆ ಹೆಂಗಸರ ಕೈಯ ಕಾಸು. ಮೊಟ್ಟೆ ಮಾರಿದ ದುಡ್ಡಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಮಗುವಿನ ನೋಟುಬುಕ್ಕಿಗೆ, ಔಷಧಿಗೆ, ಈದ್‌ಗೆ ಬರುವ ನೆಂಟರ ತಾಟಿಗೆ ಅದೇ ಆಸರೆ. ಆ ಆಸರೆಯನ್ನು ಇಲಿ ಹೇಗೆ ಕೊರೆಯುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಈ ಭಾಗದಲ್ಲಿ ಇಲಿಗೆ ವರ್ಷವಿಡೀ ಸುಗ್ಗಿ. ಹೊಲದಲ್ಲಿ ಹೆಸರು, ಉದ್ದು, ಸೋಯಾ, ತೊಗರಿ, ಕಡಲೆ, ಜೋಳ ಒಂದರ ಹಿಂದೊಂದು ಬರುತ್ತವೆ. ನೀರಾವರಿ ಇದ್ದಲ್ಲಿ ಕಬ್ಬು ಬೇರೆ. ಬೆಳೆ ನಿಂತಿರುವಷ್ಟು ದಿನ ಇಲಿ ಹೊಲದಲ್ಲಿರುತ್ತದೆ. ಕಟಾವು ಮುಗಿದು ಹೊಲ ಬಯಲಾದೊಡನೆ ಊರಿನತ್ತ ಮುಖ ಮಾಡುತ್ತದೆ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿದರೂ ಹಾಗೆಯೇ. ಹಳೆ ಓಣಿಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ತಾಗಿರುತ್ತದೆ. ಹಿತ್ತಿಲಲ್ಲಿ ತೊಗರಿ ಕಟ್ಟಿಗೆಯ ಒಟ್ಟಲು, ಪಕ್ಕದಲ್ಲೇ ಕೋಳಿಗೂಡು. ಇಲಿಗೆ ಇನ್ನೇನು ಬೇಕು? ಅದರ ಗರ್ಭದ ಅವಧಿ ಕೇವಲ ಮೂರು ವಾರ. ಒಂದು ಸೂಲಿಗೆ ಆರೆಂಟು ಮರಿ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಿಯಾಗಬಲ್ಲವು.

ಮೊದಲು ನಿಮ್ಮ ಹಿತ್ತಿಲಿನ ಕಳ್ಳ ಯಾರು ಎಂದು ತಿಳಿಯಬೇಕು. ಮನೆ ಇಲಿ ಏರುವುದರಲ್ಲಿ ಜಾಣ. ಮಾಳಿಗೆ, ತೊಲೆ, ತಗಡಿನ ಸಂದಿ ಅದರ ವಾಸಸ್ಥಾನ. ಗೂಡಿನ ಮೇಲಿನಿಂದ ಇಳಿಯುವುದು ಅದೇ. ಹೆಗ್ಗಣ, ಅಂದರೆ ಮನೆಮಾತಿನ ಘೂಸ್, ನೆಲ ತೋಡುತ್ತದೆ. ಬಿಲದ ಬಾಯಿಯಲ್ಲಿ ಹಸಿ ಮಣ್ಣಿನ ಗುಪ್ಪೆ ಕಂಡರೆ ಹೆಗ್ಗಣವೆಂದೇ ತಿಳಿಯಿರಿ. ಅದು ಬಿಲದೊಳಗೆ ಕಾಳು ಕೂಡಿಡುವ ಪ್ರಾಣಿ. ಇನ್ನು ಉದ್ದ ಮೂತಿಯ, ಚೀ ಚೀ ಎನ್ನುತ್ತಾ ಗೋಡೆಯಂಚಿನಲ್ಲಿ ಓಡುವ, ಕೆಟ್ಟ ವಾಸನೆಯ ಸುಂಡಿಲಿ ಇದೆಯಲ್ಲ, ಅದು ಇಲಿಯ ಜಾತಿಯೇ ಅಲ್ಲ. ಅದರ ಮುಖ್ಯ ಆಹಾರ ಹುಳುಹುಪ್ಪಟೆ. ಕಾಳು ಖಾಲಿಯಾಗುವುದಕ್ಕೆ ಅದನ್ನು ದೂರಬೇಡಿ.

ಬಿಲ ಎಷ್ಟಿವೆ ಎಂದು ನೋಡಿ ಗಾಬರಿಯಾಗುವುದೂ ಬೇಡ. ಸಂಜೆ ಎಲ್ಲ ಬಿಲಗಳ ಬಾಯಿಗೂ ಹಸಿ ಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ವಾಸವಿದೆ. ಹತ್ತು ಬಿಲಗಳಲ್ಲಿ ಮೂರೋ ನಾಲ್ಕೋ ತೆರೆದುಕೊಂಡಾವು, ಅಷ್ಟೇ.

ರಾತ್ರಿಯ ತಾಟು ಎತ್ತಿಡಿ

ನನ್ನನ್ನು ಕೇಳಿದರೆ, ಮುಕ್ಕಾಲು ಕೆಲಸ ಇಲ್ಲಿಯೇ ಇದೆ. ಇಲಿ ಕೋಳಿಗಾಗಿ ಬರುವುದಿಲ್ಲ, ಕೋಳಿಯ ಕಾಳಿಗಾಗಿ ಬರುತ್ತದೆ. ಬಂದ ಮೇಲೆ ಮೊಟ್ಟೆ, ಮರಿ ಅದರ ಕಣ್ಣಿಗೆ ಬೀಳುತ್ತವೆ. ಅಂಗಳದ ತುಂಬ ಕಾಳು ಎರಚಿ ಒಳಗೆ ಹೋಗುವ ರೂಢಿ ನಮ್ಮಲ್ಲಿ ಹಳೆಯದು. ಅದನ್ನು ಬಿಡಬೇಕು. ಬೆಳಿಗ್ಗೆ ಒಮ್ಮೆ, ಅಸರ್ ನಮಾಝಿನ ನಂತರ ಒಮ್ಮೆ, ಅಗಲ ತಾಟಿನಲ್ಲಿ ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಮಗ್ರಿಬ್‌ಗೆ ಮುಂಚೆ ತಾಟು ಎತ್ತಿ, ಬಿದ್ದದ್ದನ್ನು ಗುಡಿಸಿ. ನೀರಿನ ಪಾತ್ರೆಯನ್ನೂ ರಾತ್ರಿ ಬೋರಲು ಹಾಕಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಅದು ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ.

ರಾತ್ರಿ ಪಾತ್ರೆಗಳನ್ನು ಮುಚ್ಚಿಡುವಂತೆ, ಮಲಗುವ ಮುನ್ನ ದೀಪ ಆರಿಸುವಂತೆ ಪ್ರವಾದಿಯವರು(ಸ) ಕಲಿಸಿದ್ದು ನಿಮಗೆ ಗೊತ್ತೇ ಇದೆ. ದೀಪದ ವಿಷಯದಲ್ಲಿ ಹದೀಸ್‌ನಲ್ಲಿ ಬರುವ ಕಾರಣವೇ ಇಲಿ. ಅದು ಬತ್ತಿಯನ್ನು ಎಳೆದೊಯ್ದು ಮನೆಗೆ ಬೆಂಕಿ ತಗುಲಿಸೀತು ಎಂಬ ಎಚ್ಚರಿಕೆ. ಇಲಿಯನ್ನು ಕೊಂದರೆ ಪಾಪವೇ ಎಂದು ಕೆಲವರು ಅಳುಕುತ್ತಾರೆ. ಕೊಲ್ಲಲು ಅನುಮತಿಯಿರುವ ಹಾನಿಕಾರಕ ಜೀವಿಗಳಲ್ಲಿ ಇಲಿಯೂ ಒಂದೆಂದು ಹದೀಸ್‌ನಲ್ಲಿದೆ. ಆದರೆ ಬೋನಿಗೆ ಬಿದ್ದದ್ದಕ್ಕೆ ಬೆಂಕಿ ಹಚ್ಚುವುದು, ಕುದಿಯುವ ನೀರು ಸುರಿಯುವುದು ಬೇಡ. ಹಿಂಸಿಸಲು ಅನುಮತಿಯಿಲ್ಲ.

ಕಾಳಿನ ದಾಸ್ತಾನಿಗೆ ಗೋಣಿಚೀಲ, ಪ್ಲಾಸ್ಟಿಕ್ ಡ್ರಮ್ ನಂಬಬೇಡಿ. ಇಲಿಯ ಮುಂಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಕಚ್ಚಿ ಕಚ್ಚಿ ಸವೆಸುವುದು ಅದಕ್ಕೆ ಅನಿವಾರ್ಯ. ಬಿಗಿ ಮುಚ್ಚಳವಿರುವ ಎಣ್ಣೆಯ ತಗಡಿನ ಡಬ್ಬ ಸಾಕು.

ಗೂಡಿನ ನೆಲ, ಗೂಡಿನ ಜಾಲರಿ

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಮಾರುವ ಆರು ಮೂಲೆಯ ಕಣ್ಣಿನ ತಂತಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿಯನ್ನು ಹೊರಗಿಡುವುದಿಲ್ಲ. ಎಳೆಯ ಇಲಿ ಹೆಬ್ಬೆರಳು ತೂರುವಷ್ಟು ಸಂದಿಯಲ್ಲಿ ನುಸುಳುತ್ತದೆ. ಚಿಟ್ಟಿಲಿಗಂತೂ ಪೆನ್ಸಿಲ್ ತೂರಿದರೆ ಸಾಕು. ಅರ್ಧ ಇಂಚಿಗಿಂತ ದೊಡ್ಡ ಕಣ್ಣಿಲ್ಲದ, ಬೆಸುಗೆ ಹಾಕಿದ ಚೌಕಳಿ ಜಾಲರಿ ಕೇಳಿ ತನ್ನಿ. ದುಬಾರಿ ನಿಜ. ಇಡೀ ಗೂಡಿಗೆ ಆಗದಿದ್ದರೆ ಕೆಳಗಿನ ಎರಡು ಅಡಿ ಮತ್ತು ಮರಿಗಳನ್ನು ಇಡುವ ಖಾನೆಗಾದರೂ ಹಾಕಿಸಿ.

ನೆಲದ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಶಹಾಬಾದ್ ಕಲ್ಲಿನ ಪರಸಿ ಇಲ್ಲಿ ಊರೂರಲ್ಲೂ ಸಿಗುತ್ತದೆ. ಮನೆ ಕಟ್ಟಿ ಉಳಿದ ಒಡಕು ಪರಸಿಯಾದರೂ ನಡೆಯುತ್ತದೆ. ಗೂಡಿನ ಕೆಳಗೆ ಅದನ್ನು ಹಾಸಿ, ಸಂದಿಗಳಿಗೆ ಸಿಮೆಂಟು ತುಂಬಿ. ಹೆಗ್ಗಣ ಕೆಳಗಿನಿಂದ ಬರುವ ದಾರಿ ಅಲ್ಲಿಗೆ ಮುಚ್ಚಿತು. ಪರಸಿ ಇಲ್ಲದಿದ್ದರೆ ಜಾಲರಿಯನ್ನೇ ಗೂಡಿನ ಸುತ್ತ ಒಂದು ಅಡಿ ಹೊರಕ್ಕೆ ಮಡಚಿ ಮಣ್ಣಲ್ಲಿ ಹೂಳಬಹುದು. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ಶುರು ಮಾಡುವುದು. ತಂತಿ ಸಿಕ್ಕರೆ ಹಿಂದೆ ಸರಿದು ತೋಡುವಷ್ಟು ಬುದ್ಧಿ ಅದಕ್ಕಿಲ್ಲ.

ಮರದ ಗೂಡಾದರೆ ಎರಡು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ. ಪ್ರತಿ ಕಾಲಿಗೂ ನುಣುಪಾದ ತಗಡು ಸುತ್ತಿಸಿ. ಗೋಡೆಗೆ ತಾಗಿಸಬೇಡಿ. ಕಟ್ಟಿಗೆ ಒಟ್ಟಲನ್ನೂ ಗೂಡಿನಿಂದ ದೂರ, ಕಲ್ಲುಗಳ ಮೇಲೆ ಒಂದು ಅಡಿ ಎತ್ತರಿಸಿ ಒಟ್ಟಿ, ಅಡಿಯಲ್ಲಿ ಬೆಕ್ಕು ಓಡಾಡುವಂತಿರಲಿ.

ಬೆಕ್ಕಿನ ಮಾತು ಬಂತು. ಬೆಕ್ಕನ್ನು ಪ್ರೀತಿಸದ ಮುಸ್ಲಿಂ ಮನೆ ಅಪರೂಪ. ಚಿಟ್ಟಿಲಿ, ಎಳೆ ಇಲಿಗಳಿಗೆ ಅದು ಸರಿಯಾದ ಶಿಕ್ಷೆ. ಆದರೆ ಬಲಿತ ಹೆಗ್ಗಣದ ಎದುರು ಎಷ್ಟೋ ಬೆಕ್ಕುಗಳು ದೂರದಿಂದಲೇ ಸಲಾಮ್ ಹೇಳಿ ಹೊರಟುಬಿಡುತ್ತವೆ. ಕೋಳಿಮರಿಯ ರುಚಿ ಹತ್ತಿದ ಬೆಕ್ಕಂತೂ ಇಲಿಗಿಂತ ಕಷ್ಟ.

ಬೋನಿನ ವಿಷಯದಲ್ಲಿ ತಾಳ್ಮೆ ಬೇಕು. ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಬೋನನ್ನು ಗೋಡೆಯಂಚಿಗೆ ಇಟ್ಟು, ಶೇಂಗಾ ಅಥವಾ ಎಣ್ಣೆ ಸವರಿದ ರೊಟ್ಟಿ ತುಂಡು ಹಾಕಿ, ಮೂರು ನಾಲ್ಕು ದಿನ ಬಾಗಿಲು ಬೀಳದಂತೆ ಕಟ್ಟಿಬಿಡಿ. ಬಂದು ತಿಂದು ಹೋಗಲಿ. ನಂತರ ಒಂದೇ ರಾತ್ರಿ ನಾಲ್ಕೈದು ಬೋನು ಹೂಡಿ. ತಿಂಗಳಿಡೀ ಒಂದೇ ಬೋನು ಇಡುವುದಕ್ಕಿಂತ ಇದು ಎಷ್ಟೋ ಮೇಲು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲ ತೊಟ್ಟು ಎತ್ತಿ ಆಳವಾಗಿ ಹೂಳಿ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ, ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಇಲಿಯ ಉಚ್ಚೆ ಸೇರಿದ ನೀರು, ಕೆಸರಿನಿಂದ ಇಲಿಜ್ವರ ಬರುತ್ತದೆ. ಕಾಲಿನ ಒಡಕು, ಗಾಯಗಳೇ ಅದಕ್ಕೆ ಬಾಗಿಲು. ಮಳೆಗಾಲದಲ್ಲಿ ಗೂಡು ತೊಳೆಯುವಾಗ ಬರಿಗಾಲು ಬೇಡ.

ಇಲಿ ಹೆಚ್ಚಾದ ಕಡೆ ಹಾವೂ ಬರುತ್ತದೆ. ಕೇರೆಹಾವಾದರೆ ಬದುಕಿಕೊಂಡಿರಿ, ಆದರೆ ನಾಗರಹಾವು, ಕೊಳಕುಮಂಡಲವೂ ಇಲಿಯ ಜಾಡು ಹಿಡಿದೇ ಬರುವುದು. ಮುಂಜಾನೆಯ ಕತ್ತಲಲ್ಲಿ ಟಾರ್ಚ್ ಇಲ್ಲದೆ ಮೊಟ್ಟೆಗೆಂದು ಗೂಡಿನೊಳಗೆ ಕೈಹಾಕುವ ಅಭ್ಯಾಸ ಇಂದೇ ನಿಲ್ಲಿಸಿ.

ವಿಷದ ಬಗ್ಗೆ ಎರಡು ಮಾತಲ್ಲ, ಹತ್ತು ಮಾತು

ಇಲಿ ಎಂದೊಡನೆ ಅಂಗಡಿಗೆ ಓಡಿ ಪಾಷಾಣ ತರುವುದು ಸುಲಭ. ಕೋಳಿ, ಮಕ್ಕಳು ಎರಡೂ ಇರುವ ಅಂಗಳಕ್ಕೆ ಅದು ಕಡೆಯ ಉಪಾಯವಾಗಬೇಕು. ಕಪ್ಪು ಪುಡಿಯ ರೂಪದ ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವಿಲ್ಲ. ಹಳದಿ ರಂಜಕದ ಪೇಸ್ಟ್‌ಗೂ ಇಲ್ಲ. ಈ ಪೇಸ್ಟ್ ಇನ್ನೂ ಮೋಸದ್ದು. ತಿಂದವರಿಗೆ ಮೊದಲು ವಾಂತಿ, ಹೊಟ್ಟೆನೋವು. ಮರುದಿನ ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಯಕೃತ್ತು ಕೆಟ್ಟು ಜೀವಕ್ಕೇ ಅಪಾಯ. ರೊಟ್ಟಿಗೆ, ಟೊಮ್ಯಾಟೊ ಹೋಳಿಗೆ ಇದನ್ನು ಸವರಿ ಅಡುಗೆಮನೆಯ ಮೂಲೆಯಲ್ಲಿ ಇಡುವ ಪದ್ಧತಿ ದಯವಿಟ್ಟು ಬೇಡ. ಇನ್ನು ಗೋದಾಮಿನಲ್ಲಿ ತೊಗರಿ, ಕಡಲೆಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಮನೆಗೆ ತಾಗಿದ ಬಿಲಕ್ಕೆ ಅದನ್ನು ಹಾಕುವವರಿದ್ದಾರೆ. ಅದರಿಂದ ಹೊರಡುವ ಅನಿಲ ಗೋಡೆಯ ಸಂದಿಯಿಂದ ನಿಮ್ಮ ಮಕ್ಕಳು ಮಲಗುವ ಕೋಣೆಗೇ ಬರುತ್ತದೆ. ಯಾರು ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಅನಿವಾರ್ಯವಾದರೆ ಬ್ರೊಮಾಡಿಯೋಲೋನ್ ಬಿಲ್ಲೆ ಇದೆ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷವಾಗಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಆದರೂ ಕೋಳಿಯ ಕೊಕ್ಕು, ಮಗುವಿನ ಕೈ ತಲುಪದಂತೆ ಬಿಲದೊಳಗೆ ಆಳವಾಗಿ ಇಟ್ಟು ಕಲ್ಲು ಮುಚ್ಚಿ. ತಿಂದ ಇಲಿ ಸಾಯಲು ನಾಲ್ಕಾರು ದಿನ ಬೇಕು, ಎಲ್ಲೋ ಹೋಗಿ ಸಾಯುತ್ತದೆ. ಪ್ರತಿದಿನ ಬೆಳಿಗ್ಗೆ ಕೋಳಿ ಬಿಡುವ ಮುನ್ನ ಅಂಗಳ ಹುಡುಕಿ ಸತ್ತದ್ದನ್ನು ಹೂಳಬೇಕು. ಕೋಳಿ ಅದನ್ನು ಕುಕ್ಕಿದರೆ ವಿಷ ಕೋಳಿಗೂ ಸೇರುತ್ತದೆ. ಅಂಥ ಕೋಳಿಯ ಮಾಂಸ, ಮೊಟ್ಟೆ ತಿನ್ನಬೇಡಿ, ಮಾರಲೂಬೇಡಿ. ಯಾರಾದರೂ ವಿಷ ತಿಂದ ಸಂಶಯ ಬಂದರೆ ಉಪ್ಪು ನೀರು, ಹಾಲು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ವಿಷದ ಪೊಟ್ಟಣವನ್ನು ಜೊತೆಗೇ ಒಯ್ಯಿರಿ.

ನೀವೊಬ್ಬರೇ ಇಷ್ಟೆಲ್ಲ ಮಾಡಿದರೆ ಇಲಿ ಪಕ್ಕದ ಮನೆಗೆ ಹೋಗಿ ಎರಡು ತಿಂಗಳಲ್ಲಿ ಸಂಸಾರ ಸಮೇತ ಹಿಂದಿರುಗುತ್ತದೆ. ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಭೂಕಂಪವಾದಾಗ ಬೀದರ್ ಜಿಲ್ಲೆಯೂ ನಡುಗಿದ್ದನ್ನು ಹಿರಿಯರು ಮರೆತಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಬೀಡ್ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕಂಪನಕ್ಕೆ ಹೆದರಿ ಜನ ಬಿಟ್ಟುಹೋದ ಮನೆಗಳಲ್ಲಿ ಕಾಳು ಹಾಗೇ ಉಳಿದು ಇಲಿಗಳು ವಿಪರೀತ ಹೆಚ್ಚಿದ್ದೇ ಕಾರಣವಿರಬೇಕೆಂದು ಆಗ ತಜ್ಞರು ಶಂಕಿಸಿದ್ದರು. ಒಂದು ಖಾಲಿ ಮನೆಯ ಕಾಳು ಇಡೀ ಊರಿನ ವಿಷಯವಾಗುವುದು ಹೀಗೆ. ಆದ್ದರಿಂದ ಓಣಿಯ ಐದಾರು ಮನೆಯವರು, ಇಲ್ಲವೇ ನಿಮ್ಮ ಸ್ವಸಹಾಯ ಸಂಘದವರು ಮಾತಾಡಿಕೊಂಡು, ತೊಗರಿ ರಾಶಿ ಮುಗಿದ ವಾರವೇ ಎಲ್ಲರ ಹಿತ್ತಿಲಲ್ಲೂ ಒಟ್ಟಿಗೆ ಬಿಲ ಮುಚ್ಚಿ, ಬೋನು ಹೂಡಿ. ಬೋನುಗಳನ್ನು ಎಲ್ಲರೂ ಸೇರಿ ಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಮೃಗ್ ಮಳೆ ಬೀಳುವ ಮೊದಲು ಇನ್ನೊಂದು ಸುತ್ತು ಮಾಡಿ, ಅಂದೇ ಜಾಲರಿಯ ಬುಡವನ್ನೂ ಒಮ್ಮೆ ಕೈಯಿಂದ ಎಳೆದು ನೋಡಿ.