ಹತ್ತು ದಿನದ ಮಿಷನ್ ಟ್ರಿಪ್: ನೇಪಾಳಕ್ಕೆ ಹೊರಡುವ ಮುನ್ನ

ಪರೀಕ್ಷೆ ಮುಗಿದು ರಜೆ ಹತ್ತಿರ ಬಂತೆಂದರೆ ನಮ್ಮ ಸಭೆಗಳ ಯೌವನಸ್ಥರ ಕೂಟಗಳಲ್ಲಿ ಮಿಷನ್ ಟ್ರಿಪ್‌ನ ಮಾತು ಏಳುತ್ತದೆ. ಹೊರದೇಶವೆಂದರೆ ಕೈಗೆಟಕುವುದು ನೇಪಾಳ. ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು. ವೀಸಾ ಬೇಡ, ಖರ್ಚೂ ಕಡಿಮೆ. ಹೊರಡುವವರ ಭಕ್ತಿಯ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ಆದರೆ ಅವರು ನಂಬಿಕೊಂಡು ಹೋಗುವ ಕೆಲವು ಮಾತುಗಳು ತಪ್ಪು, ಮತ್ತು ಆ ತಪ್ಪಿನ ಬೆಲೆ ತೆರುವವರು ಅಲ್ಲಿನ ವಿಶ್ವಾಸಿಗಳು.

ತಪ್ಪು ಕಲ್ಪನೆ: ಅಲ್ಲಿನವರು ಯೇಸುವಿನ ಹೆಸರೇ ಕೇಳಿಲ್ಲ, ನಾವೇ ಮೊದಲು ಹೇಳಬೇಕು.

ಕ್ಯಾಥೊಲಿಕ್ ಕಪುಚಿನ್ ಸಂಘದ ಪಾದ್ರಿಗಳು 1715ರಲ್ಲೇ ಕಾಠ್ಮಂಡು ಕಣಿವೆಗೆ ಬಂದಿದ್ದರು. ಗೋರ್ಖಾ ರಾಜ ಪೃಥ್ವಿನಾರಾಯಣ ಶಾಹನ ಆಳ್ವಿಕೆ ಬಂದ ಮೇಲೆ, 1769ರಲ್ಲಿ, ಆ ಪಾದ್ರಿಗಳೂ ಅವರ ಜೊತೆಗಿದ್ದ ಕಣಿವೆಯ ನೇವಾರ್ ಕ್ರೈಸ್ತರೂ ಊರು ತೊರೆದು ಬಿಹಾರದ ಬೆತಿಯಾ ಸೀಮೆಗೆ ಬಂದು ನೆಲೆಸಬೇಕಾಯಿತು. ಆಮೇಲೆ ಹೆಚ್ಚುಕಡಿಮೆ ಇನ್ನೂರು ವರ್ಷ ಬಾಗಿಲು ಮುಚ್ಚಿತ್ತು. ಆ ಕಾಲದಲ್ಲೂ ಗಡಿಯ ಈಚೆ ಡಾರ್ಜಿಲಿಂಗಿನಲ್ಲಿ ನೇಪಾಳಿ ಸಭೆಗಳು ಬೆಳೆದವು. ಅಲ್ಲಿನ ಪಾದ್ರಿ ಗಂಗಾಪ್ರಸಾದ್ ಪ್ರಧಾನ್ ವರ್ಷಗಟ್ಟಲೆ ದುಡಿದ ನೇಪಾಳಿ ಸತ್ಯವೇದ 1914ರಲ್ಲಿ ಪೂರ್ತಿಯಾಗಿ ಹೊರಬಂತು. 1951ರಲ್ಲಿ ನೇಪಾಳವನ್ನು ಆಳುತ್ತಿದ್ದ ರಾಣಾ ಮನೆತನದ ಆಳ್ವಿಕೆ ಮುಗಿದು ಬಾಗಿಲು ತೆರೆಯಿತು. ಮರುವರ್ಷವೇ ಪೋಖರಾದ ರಾಮಘಾಟ್‌ನಲ್ಲಿ ಸಭೆ ಹುಟ್ಟಿತು, ಕಟ್ಟಿದವರು ನೇಪಾಳಿ ವಿಶ್ವಾಸಿಗಳೇ. 1954ರಲ್ಲಿ ಆರಂಭವಾದ ಯುನೈಟೆಡ್ ಮಿಷನ್ ಟು ನೇಪಾಳ್ ಆಸ್ಪತ್ರೆ, ಶಾಲೆಗಳ ಕೆಲಸ ಮಾಡಿತು, ಅದೂ ಮತಾಂತರಕ್ಕೆ ಕೈಹಾಕುವುದಿಲ್ಲವೆಂದು ಸರ್ಕಾರಕ್ಕೆ ಮಾತು ಕೊಟ್ಟು. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ 5 ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದಾರೆ. ನೆಂಟರಿಂದ ನೆಂಟರಿಗೆ, ನೆರೆಮನೆಯಿಂದ ನೆರೆಮನೆಗೆ ಹಬ್ಬಿದ ವಿಶ್ವಾಸ ಅದು. ನಾವು ಹೋಗುವುದು ಆ ಸಭೆಯ ಮನೆಗೆ, ಅತಿಥಿಗಳಾಗಿ.

ತಪ್ಪು ಕಲ್ಪನೆ: ಭಾರತದವರಿಗೆ ಯಾರೂ ಏನೂ ಕೇಳುವುದಿಲ್ಲ. ಹೆಚ್ಚೆಂದರೆ ವಾಪಸ್ ಕಳಿಸುತ್ತಾರೆ.

ಗಡಿಯಲ್ಲಿ ವೀಸಾ ಕೇಳದಿರಬಹುದು, ಆದರೆ ಅಲ್ಲಿನ ಕಾನೂನಿಗೆ ನಾವು ವಿದೇಶಿಯರೇ. 2015ರ ಸಂವಿಧಾನದ 26ನೇ ವಿಧಿ ತನ್ನ ಧರ್ಮವನ್ನು ಆಚರಿಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ, ಬೇರೆಯವರನ್ನು ಮತಾಂತರಿಸುವುದನ್ನು ಅದೇ ವಿಧಿ ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ 158ನೇ ಕಲಮಿನಡಿ ಮತಾಂತರಿಸುವುದಷ್ಟೇ ಅಲ್ಲ, ಅದಕ್ಕೆ ಪ್ರಯತ್ನಿಸುವುದೂ ಕುಮ್ಮಕ್ಕು ಕೊಡುವುದೂ ಅಪರಾಧ. ಐದು ವರ್ಷದವರೆಗೆ ಸಜೆ, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ವಾಪಸ್ ಕಳಿಸುವುದು ಜೈಲಿನ ನಂತರದ ಮಾತು.

ನಮ್ಮ ತಂಡ ಹನ್ನೊಂದನೇ ದಿನ ಗೋರಖಪುರದಲ್ಲಿ ರೈಲು ಹತ್ತುತ್ತದೆ. ಪೊಲೀಸರು ಬರುವುದು ಊಟ ಹಾಕಿ ಮಲಗಲು ಜಾಗ ಕೊಟ್ಟ ಪಾಸ್ಟರ್ ಮನೆಗೆ. 2021ರಲ್ಲಿ ಡೋಲ್ಪಾ ಜಿಲ್ಲೆಯ ನ್ಯಾಯಾಲಯ ಮತಾಂತರದ ಆರೋಪದ ಮೇಲೆ ಪೋಖರಾದ ಪಾಸ್ಟರ್ ಒಬ್ಬರಿಗೆ ಎರಡು ವರ್ಷ ಸಜೆ ವಿಧಿಸಿತು, ಮುಂದೆ ಮೇಲಿನ ನ್ಯಾಯಾಲಯ ಅದನ್ನು ಒಂದು ವರ್ಷಕ್ಕೆ ಇಳಿಸಿತು. ಅದೇ 2021ರಲ್ಲಿ ಪೋಖರಾದಲ್ಲಿ ಬಡವರ ಸೇವೆಯಲ್ಲಿದ್ದ ಇಬ್ಬರು ಕೊರಿಯನ್ ಸನ್ಯಾಸಿನಿಯರೂ ಅದೇ ಆರೋಪದ ಮೇಲೆ ಬಂಧನಕ್ಕೆ ಒಳಗಾದರು. ಈ ಕಾನೂನು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇನೆ. ಮನಸ್ಸು ಒಪ್ಪಿದ್ದನ್ನು ಮಾತಾಡಲು, ಮನಸ್ಸು ಬದಲಿಸಿಕೊಳ್ಳಲು ಮನುಷ್ಯನಿಗೆ ಸ್ವಾತಂತ್ರ್ಯ ಇರಬೇಕು. ಆದರೆ ಆ ಕಾನೂನಿನ ವಿರುದ್ಧ ಯಾವಾಗ, ಎಷ್ಟು ನಿಲ್ಲಬೇಕೆಂದು ತೀರ್ಮಾನಿಸುವ ಹಕ್ಕು ಅಲ್ಲೇ ಬಾಳಬೇಕಾದವರದು. ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚಿ, ದೀಕ್ಷಾಸ್ನಾನದ ಫೋಟೋವನ್ನು ಊರಿನ ಹೆಸರು ಸಮೇತ ಫೇಸ್‌ಬುಕ್ಕಿಗೆ ಹಾಕುವುದು ಧೈರ್ಯವಲ್ಲ. ಅದು ಇನ್ನೊಬ್ಬರ ತಲೆಯ ಮೇಲೆ ಎಳೆದು ತರುವ ಅಪಾಯ.

ತಪ್ಪು ಕಲ್ಪನೆ: ಯೇಸುವನ್ನು ಒಪ್ಪಿದೆವೆಂದು ಎಷ್ಟು ಜನ ಕೈ ಎತ್ತಿದರು ಅನ್ನುವುದೇ ಫಲದ ಲೆಕ್ಕ.

ನೇಪಾಳದಲ್ಲಿ ವಾರದ ರಜೆ ಶನಿವಾರ, ಆರಾಧನೆಯೂ ಅಂದೇ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ನೆಲದ ಮೇಲೆ ಹಾಸಿದ ಕಾರ್ಪೆಟ್, ಹಲವು ಕಡೆ ಒಂದು ಪಕ್ಕ ಗಂಡಸರು, ಇನ್ನೊಂದು ಪಕ್ಕ ಹೆಂಗಸರು. ಎದುರಾದವರೆಲ್ಲ ಕೈಮುಗಿದು ‘ಜಯಮಸೀ’ ಅನ್ನುತ್ತಾರೆ. ಮಾದಲ್ ಎಂಬ ಚರ್ಮವಾದ್ಯ ಬಾರಿಸುತ್ತ ಹಾಡು ಶುರುವಾದರೆ ಮುದುಕಿಯರೂ ಚಪ್ಪಾಳೆ ತಟ್ಟುತ್ತಾರೆ. ಇಂಥ ಕಡೆ ದೂರದಿಂದ ಬಂದ ಅತಿಥಿ ಕೈ ಎತ್ತಿ ಎಂದರೆ ಮರ್ಯಾದೆಗಾದರೂ ಎತ್ತುತ್ತಾರೆ. ಅದನ್ನು ಎಣಿಸಿ ವರದಿ ಬರೆದರೆ ಸತ್ಯಕ್ಕೆ ದೂರವಾಗುತ್ತದೆ.

ಕೈ ಎತ್ತಿದವರ ನಿಜವಾದ ಪರೀಕ್ಷೆ ಮನೆಯಲ್ಲಿ ಕಾದಿರುತ್ತದೆ. ದಶೈಂ ಹಬ್ಬದಲ್ಲಿ ಹಿರಿಯರು ಕಿರಿಯರ ಹಣೆಗೆ ಟೀಕಾ ಇಟ್ಟು ಹರಸುತ್ತಾರೆ. ಒಲ್ಲೆ ಎಂದು ಹಿಂದೆ ಸರಿದ ಮಗ ಅಪ್ಪನ ಆಶೀರ್ವಾದವನ್ನೇ ತಳ್ಳಿದಂತೆ. ಅಪ್ಪ ತೀರಿಕೊಂಡರೆ ಕ್ರಿಯೆ ಮಾಡುವವರು ಯಾರು? ಆಸ್ತಿಯ ಮಾತು ಬಂದಾಗ ಏನಾದೀತು? ವಿಶ್ವಾಸಿಯೇ ತೀರಿಕೊಂಡರೆ ಕಾಠ್ಮಂಡುವಿನಲ್ಲಿ ಹೂಳಲು ಜಾಗ ಸಿಗುವುದೇ ಕಷ್ಟ. ಪಶುಪತಿನಾಥ ದೇವಸ್ಥಾನದ ಹತ್ತಿರದ ಶ್ಲೇಷ್ಮಾಂತಕ ಕಾಡಿನಲ್ಲಿ ಹೂಳುತ್ತಿದ್ದುದಕ್ಕೆ 2011ರ ಹೊತ್ತಿಗೆ ತಡೆ ಬಿದ್ದು ದೊಡ್ಡ ವಿವಾದವೇ ಆಯಿತು. ಇಷ್ಟೂ ಪ್ರಶ್ನೆಗಳಲ್ಲಿ ಹೊಸ ವಿಶ್ವಾಸಿಯ ಜೊತೆ ವರ್ಷಗಟ್ಟಲೆ ನಿಲ್ಲುವವರು ಆ ಊರಿನ ಪಾಸ್ಟರ್, ಅವರ ಹೆಂಡತಿ, ಸಭೆಯ ಹಿರಿಯರು. ಹತ್ತು ದಿನದ ಅತಿಥಿ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡಲಾರ. ಕೂತು ಕೇಳಿಸಿಕೊಳ್ಳಬಲ್ಲ, ಕೇಳಿಸಿಕೊಂಡದ್ದಕ್ಕಾಗಿ ಮನೆಗೆ ಬಂದ ಮೇಲೂ ಪ್ರಾರ್ಥಿಸಬಲ್ಲ.

ತಪ್ಪು ಕಲ್ಪನೆ: ಅಕ್ಕಿ, ಬಟ್ಟೆ ಹಂಚಿದರೆ ಮಾತು ಕಿವಿಗೆ ಬೀಳುತ್ತದೆ.

2015ರ ಏಪ್ರಿಲ್ 25ರ ಭೂಕಂಪ ಬಂದದ್ದು ಶನಿವಾರ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಸಭೆಗಳಲ್ಲಿ ಆರಾಧನೆ ನಡೆಯುವ ಹೊತ್ತಿಗೆ. ದೇಶದಲ್ಲಿ ಸುಮಾರು 9,000 ಜನ ಸತ್ತರು, ಸಭೆಯ ಕಟ್ಟಡ ಕುಸಿದು ಅದರಡಿ ಸಿಕ್ಕವರೂ ಅವರಲ್ಲಿದ್ದರು. ಅಂಥ ಹೊತ್ತಲ್ಲಿ ಹಸಿದವರಿಗೆ ಅಕ್ಕಿ ಕೊಡಲೇಬೇಕು, ಯಾವ ದೇವರೆಂದು ಕೇಳದೆ ಕೊಡಬೇಕು. ಚೀಲದ ಜೊತೆ ಕರಪತ್ರ ಇಟ್ಟ ಕೂಡಲೇ ಅದು ಆಮಿಷದ ಆರೋಪಕ್ಕೆ ದಾರಿ, ಪಡೆದವರ ಮರ್ಯಾದೆಗೂ ಕುಂದು.

ತಪ್ಪು ಕಲ್ಪನೆ: ಅನಾಥಾಶ್ರಮಕ್ಕೆ ಹೋಗಿ ಮಕ್ಕಳೊಂದಿಗೆ ಎರಡು ದಿನ ಕಳೆಯುವುದು ಪುಣ್ಯದ ಕೆಲಸ.

ನೇಪಾಳದ ಇಂಥ ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಇದ್ದಾರೆ ಎಂದು ಯೂನಿಸೆಫ್ ಮತ್ತೆ ಮತ್ತೆ ಹೇಳಿದೆ. ಓದಿಸುತ್ತೇವೆಂದು ನಂಬಿಸಿ ಗುಡ್ಡಗಾಡಿನ ಹಳ್ಳಿಗಳಿಂದ ತಂದ ಮಕ್ಕಳಿದ್ದಾರೆ. ಬರುವ ವಿದೇಶಿಯರ ದಾನಕ್ಕಾಗಿಯೇ ನಡೆಯುವ ಮನೆಗಳಿವೆ. ದಯವಿಟ್ಟು ಹೋಗಬೇಡಿ, ಫೋಟೋ ತೆಗೆಯಬೇಡಿ. ಅಲ್ಲಿಗೆ ಕೊಡಬೇಕೆಂದಿದ್ದ ಹಣ ಮಗುವನ್ನು ಅದರ ಮನೆಯಲ್ಲೇ ಓದಿಸಲು ಹೋಗಲಿ.

ತಪ್ಪು ಕಲ್ಪನೆ: ಹಿಂದಿ ಬಂದರೆ ಸಾಕು, ಉಳಿದದ್ದು ನಮ್ಮ ಹಾಗೇ.

ಹಿಂದಿ ಬಹಳ ಜನರಿಗೆ ಅರ್ಥವಾಗುತ್ತದೆ. ಆದರೆ ತಮಾಂಗ್, ಮಗರ್, ರಾಯಿ ಸಮುದಾಯಗಳ ಎಷ್ಟೋ ಮನೆಗಳಲ್ಲಿ ನೇಪಾಳಿಯೇ ಎರಡನೇ ಭಾಷೆ. ಇನ್ನೊಂದು ವಿಷಯವನ್ನು ಕನ್ನಡಿಗರು ವಿಶೇಷವಾಗಿ ನೆನಪಿಡಬೇಕು: ಪಶುಪತಿನಾಥನ ಮುಖ್ಯ ಅರ್ಚಕರಾದ ಭಟ್ಟರು ಹೋಗುವುದು ನಮ್ಮ ನಾಡಿನ ಕಡೆಯಿಂದಲೇ. ಆ ಗುಡಿಯ ಆವರಣದಲ್ಲಿ ಗುಂಪುಕಟ್ಟಿ ‘ಕತ್ತಲೆ ತೊಲಗಲಿ’ ಎಂದು ಪ್ರಾರ್ಥಿಸುತ್ತ ಸುತ್ತುವುದು ಆತಿಥ್ಯ ಕೊಟ್ಟವರಿಗೆ ಮಾಡುವ ಅವಮಾನ. ನಮ್ಮ ಆರಾಧನೆಯ ಬಾಗಿಲಲ್ಲಿ ಯಾರಾದರೂ ಹಾಗೆ ಮಾಡಿದರೆ ನಾವು ಸಹಿಸುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಹೋಗಲೇಬಾರದು.

ಹೋಗಬಹುದು, ಕರೆದವರ ಬಳಿಗೆ, ಕೇಳಿದ ಕೆಲಸಕ್ಕೆ. ಸಭೆಯ ಮಕ್ಕಳಿಗೆ ಸತ್ಯವೇದದ ಪಾಠ ನಾವು ನಡೆಸುವ ಬದಲು ಅಲ್ಲಿನ ಅಕ್ಕಂದಿರಿಗೆ ನಡೆಸಲು ಕಲಿಸಿದರೆ ಅದು ಉಳಿಯುತ್ತದೆ. ಸಭೆಯ ಲೆಕ್ಕಪತ್ರ, ಪ್ರಥಮ ಚಿಕಿತ್ಸೆ, ಕೀಬೋರ್ಡ್ ಕಲಿಸುವುದು ಇಂಥವನ್ನೇ ಬೇಕೆಂದು ಕೇಳುವ ಸಭೆಗಳಿವೆ. ಪ್ರತಿ ವರ್ಷ ಹೊಸ ಊರು ಹುಡುಕದೆ ಒಂದೇ ಸಭೆಯ ಜೊತೆ ಐದಾರು ವರ್ಷ ಒಡನಾಟ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಲಿ, ಆಧಾರ್ ನಂಬಿಕೊಂಡು ವಿಮಾನ ಟಿಕೆಟ್ ಮಾಡಿಸಬೇಡಿ. ಮಳೆಗಾಲದಲ್ಲಿ ಹೋಗುವುದು ಬೇಡ: ಆಗ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ನಾಟಿಯ ಹೊತ್ತಲ್ಲಿ ಮನೆಮಂದಿಯೆಲ್ಲ ಗದ್ದೆಯಲ್ಲಿರುತ್ತಾರೆ.

ಬೆಂಗಳೂರಿನವರಾದರೆ ಮೊದಲು ಊರಲ್ಲೇ ನೇಪಾಳಿ ಭಾಷೆಯ ಆರಾಧನೆಗೆ ಕೆಲವು ವಾರ ಹೋಗಿ ಬನ್ನಿ. ಹೋಟೆಲ್ ಅಡುಗೆಮನೆಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ದುಡಿಯುವವರು, ದೇವಶಾಸ್ತ್ರ ಕಾಲೇಜುಗಳಲ್ಲಿ ಓದುವವರು ಅಲ್ಲಿ ಸಿಗುತ್ತಾರೆ. ತಮ್ಮ ಜಿಲ್ಲೆಯಲ್ಲಿ ಈಗ ಪರಿಸ್ಥಿತಿ ಹೇಗಿದೆ, ಯಾವ ಸಭೆಗೆ ಹೊರಗಿನವರು ಬಂದರೆ ತೊಂದರೆ, ಯಾವ ಪಾಸ್ಟರಿಗೆ ಫೋನ್ ಮಾಡಿ ಕೇಳಬೇಕು ಎಂದು ಅವರೇ ಹೇಳುತ್ತಾರೆ. ಆ ಪಾಸ್ಟರ್ ‘ಈ ವರ್ಷ ಬೇಡ’ ಅಂದರೆ ಟಿಕೆಟ್ ಮಾಡಿಸಬೇಡಿ.