ಫೈಲ್ ತೆರೆದುಕೊಂಡ ಮಾತ್ರಕ್ಕೆ ಹಡಗಿನ ವಿನ್ಯಾಸ ತಲುಪಿತೆ?

ಒಂದು ಕಂಪ್ಯೂಟರಿನಲ್ಲಿ ರೂಪಿಸಿದ ಹಡಗಿನ ಮೂರು ಆಯಾಮದ ವಿನ್ಯಾಸ ಇನ್ನೊಂದರ ಪರದೆಯಲ್ಲಿ ಸರಿಯಾಗಿ ಮೂಡಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಇದು ತಪ್ಪು, ಅದೂ ದುಬಾರಿ ತಪ್ಪು. ಹಡಗಿಗೆಂದೇ ಇರುವ ತಂತ್ರಾಂಶದಲ್ಲಿ ಡೆಕ್ಕಿನ ಅಡಿಯ ಒಂದು ಸ್ಟಿಫನರ್ (ಪ್ಲೇಟಿಗೆ ಬಲ ಕೊಡುವ ಪಟ್ಟಿ) ಬರೀ ಆಕಾರವಲ್ಲ. ಅದು ಯಾವ ದರ್ಜೆಯ ಉಕ್ಕು, ಯಾವ ಪ್ಲೇಟಿಗೆ ಸೇರಿದೆ, ಯಾವ ಬಲ್ಕ್‌ಹೆಡ್ಡಿಗೆ (ಹಡಗಿನ ಒಳಗೋಡೆಗೆ) ಹೋಗಿ ನಿಲ್ಲುತ್ತದೆ, ತುದಿಯನ್ನು ಹೇಗೆ ಕತ್ತರಿಸಬೇಕು, ಬೆಸುಗೆ ಎಂಥದ್ದು ಎಂಬುದೆಲ್ಲ ಅದರ ಜೊತೆಗೇ ಇರುತ್ತದೆ. ಬಲ್ಕ್‌ಹೆಡ್ ಸರಿಸಿದರೆ ಸ್ಟಿಫನರಿನ ಉದ್ದವೂ ತಾನಾಗಿ ಬದಲಾಗುತ್ತದೆ. ಬರೀ ಜ್ಯಾಮಿತಿಯಾಗಿ ರವಾನಿಸಿದರೆ ಆಚೆ ತಲುಪುವುದು ಅದೇ ಆಕಾರದ ಮೂಕ ತುಂಡು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ: ಬಲ್ಕ್‌ಹೆಡ್ ಸರಿದರೂ ಅದು ಇದ್ದಲ್ಲೇ ಇರುತ್ತದೆ.

ಹಾಗಾದರೆ ಎಲ್ಲರೂ ಒಂದೇ ಕಂಪನಿಯ ಸಾಫ್ಟ್‌ವೇರ್ ಬಳಸಲಿ ಎನ್ನುವವರಿದ್ದಾರೆ. ವಿಮಾನ ಉದ್ಯಮ ಇದಕ್ಕೆ ಕಹಿ ಉತ್ತರ ಕೊಟ್ಟಿದೆ. ಏರ್‌ಬಸ್ ಎ380 ವಿಮಾನದ ಕೆಲಸದಲ್ಲಿ ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ಒಂದೇ ವಿನ್ಯಾಸ ತಂತ್ರಾಂಶದ 4ನೇ ಆವೃತ್ತಿಯನ್ನೂ ಟುಲೂಸ್‌ನವರು 5ನೇ ಆವೃತ್ತಿಯನ್ನೂ ಬಳಸುತ್ತಿದ್ದರು. ಸುಮಾರು 530 ಕಿಲೋಮೀಟರ್ ತಂತಿಯ ಜೋಡಣೆ ತಾಳೆಯಾಗದೆ ತೊಡಕಾಯಿತು. 2006ರಲ್ಲಿ ವಿಮಾನಗಳ ಹಸ್ತಾಂತರ ಮತ್ತೆ ಮತ್ತೆ ಮುಂದೆ ಹೋದದ್ದಕ್ಕೆ ಇದೂ ದೊಡ್ಡ ಕಾರಣ. ಹಡಗಿನಲ್ಲಂತೂ ಕೈಗಳು ಇನ್ನೂ ಹೆಚ್ಚು. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ನಾರ್ವೆಯ ವಿಲ್ಸನ್ ಕಂಪನಿ ಕಟ್ಟಲು ಕೊಟ್ಟ ಸರಕು ಹಡಗುಗಳ ವಿನ್ಯಾಸ ನೆದರ್ಲೆಂಡ್ಸ್‌ನ ಕೊನೊಶಿಪ್‌ನದು. ವಿನ್ಯಾಸಕಾರರು, ಯಾರ್ಡ್, ಎಂಜಿನ್ ಪೂರೈಸುವವರು, ನಕ್ಷೆ ಒಪ್ಪುವ ವರ್ಗೀಕರಣ ಸಂಸ್ಥೆ, ಇವರೆಲ್ಲರ ಮೇಲೆ ಒಂದೇ ತಂತ್ರಾಂಶ ಹೇರಲು ಯಾರಿಗೂ ಸಾಧ್ಯವಿಲ್ಲ.

ವಿನ್ಯಾಸ ಮಾಹಿತಿಯ ವಿನಿಮಯಕ್ಕೆ ಅಂತರರಾಷ್ಟ್ರೀಯ ಮಾನಕ ಇದೆಯಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸ್ಟೆಪ್ ಎಂದು ಕರೆಯುವ ಐಎಸ್‌ಒ 10303 ಬಂದದ್ದು 1994ರಲ್ಲಿ. ಹಡಗಿನ ಹೊರಮೈ, ಒಳವಿಂಗಡಣೆ, ಉಕ್ಕಿನ ರಚನೆಗೆಂದೇ ಅದರ 216, 215, 218ನೇ ಭಾಗಗಳು 2003-04ರಲ್ಲಿ ಪ್ರಕಟವಾದವು. ಆದರೆ ಮಾನಕ ಅಚ್ಚಾದರೆ ಸಾಲದು. ತಂತ್ರಾಂಶ ಕಂಪನಿಗಳು ಅದಕ್ಕೆ ಅನುವಾದಕಗಳನ್ನು ಬರೆಯಬೇಕು, ಪ್ರತಿ ಆವೃತ್ತಿಗೂ ನವೀಕರಿಸಬೇಕು. ಗ್ರಾಹಕರು ಪಟ್ಟು ಹಿಡಿಯದ ಕಡೆ ಅದು ನಡೆಯಲಿಲ್ಲ. ಹಡಗಿನ ವಿನ್ಯಾಸ ಮಾಹಿತಿಯ ವಿನಿಮಯಕ್ಕೆಂದು ಈಚೆಗೆ ಬಂದ ಒಸಿಎಕ್ಸ್ ಮಾದರಿ ವರ್ಗೀಕರಣ ಸಂಸ್ಥೆಯ ಅನುಮೋದನೆಗೆ ಬೇಕಾದಷ್ಟನ್ನೇ ಗುರಿಯಾಗಿಸಿಕೊಂಡಿದೆ, ಆ ಮಿತಿಯೇ ಅದರ ಬಲ ಎಂಬುದು ನನ್ನ ಅಭಿಪ್ರಾಯ. ಹಡಗು ಕಟ್ಟಿಸುವವರು ಯಾವ ಮಾಹಿತಿ ಯಾವ ರೂಪದಲ್ಲಿ ಬರಬೇಕೆಂದು ಒಪ್ಪಂದದಲ್ಲೇ ಬರೆಸಲಿ, ಮೊದಲ ಪ್ಲೇಟ್ ಕತ್ತರಿಸುವ ಮುನ್ನ ಹಡಗಿನ ಒಂದು ಬ್ಲಾಕಿನ (ಭಾಗದ) ವಿನ್ಯಾಸವನ್ನು ಆಚೆಯ ತಂತ್ರಾಂಶಕ್ಕೆ ಕಳಿಸಿ, ವಾಪಸ್ ತರಿಸಿ ಹೋಲಿಸಿ ನೋಡಲಿ.