ಹಳೆಯ ಹತಾರಗಳ ಗುರುತು

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ಹೊಕ್ಕವರು ಅದರ ಛತ್ತಿನ ಕಮಲವನ್ನು ಕಂಡು ಬೆರಗಾಗುತ್ತಾರೆ. ಅದನ್ನು ಬಿಡಿಸಿದ ಚಾಣ ಎಂಥದೆಂದು ಕೇಳುವವರು ವಿರಳ. ಕೆಲಸ ಉಳಿಯುತ್ತದೆ, ಹತಾರ ಉಳಿಯುವುದಿಲ್ಲ. ಸವೆದ ಕಬ್ಬಿಣವನ್ನು ಬಿಸಾಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಮೊಂಡಾದ ನೇಗಿಲ ಕುಳ ಕುಲುಮೆಗೆ ಹೋಗಿ ಕುಡುಗೋಲಾಗುತ್ತಿತ್ತು. ಕುಡುಗೋಲು ಸವೆದರೆ ಇನ್ನೊಂದಾಗುತ್ತಿತ್ತು. ಹೀಗಾಗಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹಿತ್ತಿಲು, ಅಟ್ಟಗಳಲ್ಲಿ ಇಂದು ಸಿಗುವ ಹತಾರಗಳು ಬಹುಮಟ್ಟಿಗೆ ಎರಡು ಮೂರು ತಲೆಮಾರಿನವು. ಅವೂ ಈಗ ತೂಕದ ಲೆಕ್ಕದಲ್ಲಿ ಗುಜರಿ ಅಂಗಡಿಯನ್ನು ಸೇರುತ್ತಿವೆ. ಅವನ್ನು ಕೂಡಿಡಬೇಕೆನ್ನುವವರು ಮೊದಲು ಗುರುತಿಸುವುದನ್ನು ಕಲಿಯಬೇಕು.

ಮೊದಲನೆಯ ಪ್ರಶ್ನೆ: ಇದು ಕುಲುಮೆಯದೋ, ಕಾರ್ಖಾನೆಯದೋ? ಕಂಬಾರನು ಬಡಿದು ಮಾಡಿದ ಬಾಚಿಯ ಮೈಮೇಲೆ ಸುತ್ತಿಗೆಯ ಏಟಿನ ತಗ್ಗುಗಳಿರುತ್ತವೆ. ಕಾವು ತೂರಿಸುವ ಕಣ್ಣು ತುಸು ಸೊಟ್ಟಗಿರುತ್ತದೆ. ಮಾಡಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆಯದ ಪದ್ಧತಿಯಲ್ಲಿ ಬಡಿಗ, ಕಂಬಾರರು ಊರಿನ ಒಕ್ಕಲಿಗೆ ವರ್ಷವಿಡೀ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದರು. ಮಾಡಿದವನೂ ಬಳಸುವವನೂ ಒಂದೇ ಊರಿನವರಾಗಿರುವಾಗ ಮುದ್ರೆಯೇಕೆ ಬೇಕು?

ಕಾರ್ಖಾನೆಯ ಸಾಮಾನಿನ ಮೇಲೆ ಅಕ್ಷರಗಳಿರುತ್ತವೆ. ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂದ ಹಳೆಯ ಉಳಿಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂದು ಒತ್ತಿರುವುದುಂಟು. ಅದು ಎರಕದ ಬೀಡುಕಬ್ಬಿಣವಲ್ಲ. 1740ರ ದಶಕದಲ್ಲಿ ಹಂಟ್ಸ್‌ಮನ್ ಎಂಬಾತನು ರೂಢಿಗೆ ತಂದ, ಮೂಸೆಯಲ್ಲಿ ಕರಗಿಸಿ ತೆಗೆದ ಉತ್ತಮ ಉಕ್ಕು. ಕ್ಷೌರದ ಕತ್ತಿಯ ಮೇಲೆ ‘ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1949 ಮತ್ತು 1990ರ ನಡುವಿನದು. ಆ ಹೆಸರಿನ ದೇಶವಿದ್ದುದೇ ಅಷ್ಟು ಕಾಲ. ಆದರೆ ಅಳತೆಪಟ್ಟಿಯಲ್ಲಿ ಇಂಚುಗಳಿವೆಯೆಂದ ಮಾತ್ರಕ್ಕೆ ಅದು ಹಳೆಯದೆಂದು ತೀರ್ಮಾನಿಸಲಾಗದು. ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾನೂನಾಯಿತು. ಬಡಗಿಯ ಬಾಯಲ್ಲಿ ಇಂಚು ಇಂದಿಗೂ ಅಳಿದಿಲ್ಲ.

ಮುದ್ರೆಯಿಲ್ಲದ ವಸ್ತುವನ್ನು ಅದರ ರಚನೆಯಿಂದಲೇ ಓದಬೇಕು. ಕೂರಿಗೆಯನ್ನು ನೋಡಿ. ಮೇಲಿನ ಬಟ್ಟಲಿಗೆ ಹಾಕಿದ ಬೀಜ ಬಿದಿರ ಕೊಳವೆಗಳಲ್ಲಿ ಇಳಿದು, ತಾಳುಗಳು ಸೀಳಿದ ಸಾಲಿಗೆ ಬೀಳುತ್ತದೆ. ತಾಳುಗಳ ನಡುವಣ ಅಂತರವೇ ಬೆಳೆಯ ಹೆಸರನ್ನು ಹೇಳುತ್ತದೆ. ಹಾನಗಲ್ಲ ಸೀಮೆಯಲ್ಲಿ ಭತ್ತವನ್ನು ಒಣ ನೆಲದಲ್ಲಿ ಕೂರಿಗೆಯಿಂದ ಬಿತ್ತುವ ವಾಡಿಕೆಯಿದೆ. ಆ ಕೂರಿಗೆಯ ತಾಳುಗಳು ಹತ್ತಿರ ಹತ್ತಿರ. ಹಿರೇಕೆರೂರಿನ ಕಡೆಯ ಜೋಳದ ಹೊಲಕ್ಕೆ ಅಗಲ ಸಾಲು ಬೇಕು. ಹದಿನೆಂಟನೆಯ ಶತಮಾನದ ಕೊನೆಗೆ ಹಾಲ್ಕಾಟ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಭಾರತದ ಈ ಸಾಧನವನ್ನು ಕಂಡು ತನ್ನ ನಾಡಿಗೆ ಬರೆದು ತಿಳಿಸಿದನು. ಆ ಬರಹವನ್ನು ಧರ್ಮಪಾಲರು 1971ರ ತಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಬಿಡಿಸಿ ಒಲೆಗೆ ಹಾಕುತ್ತಿರುವ ಕೂರಿಗೆ ಅಂಥ ಗೌರವದ ವಸ್ತು.

ಇನ್ನು ಸವೆತ. ಜಾಲಿಯ ಹಿಡಿಕೆಯ ಮೇಲೆ ಹೆಬ್ಬೆರಳು ಊರಿದ ಕಡೆ ಒಂದು ತಗ್ಗು ಬಿದ್ದಿರುತ್ತದೆ. ಅದು ಯಾವ ಮಗ್ಗುಲಲ್ಲಿದೆಯೆಂಬುದರಿಂದ ಹಿಡಿದ ಕೈ ಎಡವೋ ಬಲವೋ ತಿಳಿಯುತ್ತದೆ. ಕೆಲವರು ಹಳೆಯ ಹತಾರ ಸಿಕ್ಕೊಡನೆ ಉಜ್ಜುಕಾಗದದಿಂದ ತಿಕ್ಕಿ, ವಾರ್ನಿಶ್ ಬಳಿದು ಗೋಡೆಗೆ ತೂಗುಹಾಕುತ್ತಾರೆ. ಅದರೊಡನೆ ಆ ಕೈಯ ಗುರುತೂ ಅಳಿಯುತ್ತದೆ. ಸಡಿಲಾದ ತುಕ್ಕನ್ನು ಒರಸಿ, ತುಸು ಎಣ್ಣೆ ಸವರಿದರೆ ಸಾಕು.

ಹತಾರಗಳಂತೆ ಅವುಗಳ ಪೆಟ್ಟಿಗೆಯೂ ಮುಖ್ಯ. ‘ಹಡಪ’ ಎಂಬ ಮಾತನ್ನು ಗಮನಿಸಿ. ಅದಕ್ಕೆ ಎಲೆ ಅಡಿಕೆಯ ಸಂಚಿ ಎಂದೂ ಕ್ಷೌರಿಕನ ಹತಾರಗಳ ಚೀಲ ಎಂದೂ ಅರ್ಥವಿದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಮಾತು ಇಂದಿಗೂ ಜೀವಂತವಾಗಿದೆ. ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಹಳೆಯ ಹಡಪವೊಂದು ಸಿಕ್ಕರೆ ಒಳಗಿನ ಅರೆಗಳನ್ನು ನೋಡಬೇಕು: ಅಡಕತ್ತರಿ, ಸುಣ್ಣದ ಡಬ್ಬಿಗಳಿಗೋ, ಕತ್ತಿ, ಮಸೆಗಲ್ಲುಗಳಿಗೋ ಎಂಬುದನ್ನು ಅವೇ ಹೇಳುತ್ತವೆ. ಅದರಿಂದ ಚಂದದ ಒಂದೇ ವಸ್ತುವನ್ನು ಎತ್ತಿಕೊಂಡು ಉಳಿದುದನ್ನು ಬಿಟ್ಟು ಬಂದರೆ, ಒಂದು ವಾಕ್ಯದಿಂದ ಒಂದು ಪದವನ್ನು ಕಿತ್ತು ತಂದಂತಾಗುತ್ತದೆ.

ಕನ್ನಡ ಪಾಠ ಹೇಳಿದವನಾದ ನನಗೆ ಎಲ್ಲಕ್ಕಿಂತ ದೊಡ್ಡ ಗುರುತೆಂದರೆ ಹೆಸರು. ಮರವನ್ನು ನುಣುಪುಗೊಳಿಸುವ ಸಾಧನಕ್ಕೆ ನಿಘಂಟಿನಲ್ಲಿ ‘ಕೀಸುಳಿ’. ನಮ್ಮ ಬಡಿಗೇರರ ಮನೆಗಳಲ್ಲಿ ‘ರಂದಾ’. ಎರಡನೆಯದು ಪಾರಸಿ ಮೂಲದ್ದು, ಮರಾಠಿಯಲ್ಲೂ ಇದೆ. ಈ ನಾಡನ್ನು ಯಾರು ಯಾರು ಆಳಿದರು, ಯಾರ ಕೆಲಸವನ್ನು ಯಾರು ನೋಡಿ ಕಲಿತರು ಎಂಬುದರ ಸುಳಿವು ಆ ಒಂದು ಮಾತಿನಲ್ಲಿದೆ. ಕಬ್ಬಿಣವನ್ನು ನಾಳೆ ಇನ್ನೊಂದೂರಿನಲ್ಲಿ ಕಾಣಬಹುದು. ಹೇಳುವವರಿಲ್ಲವಾದ ಮೇಲೆ ಹೆಸರನ್ನು ಎಲ್ಲಿಂದ ತರುವುದು?

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯೇ ಸಮೀಪದಲ್ಲಿ ಕಲಾವಿದ ಸೊಲಬಕ್ಕನವರರು ರೂಪಿಸಿದ ಉತ್ಸವ ಉದ್ಯಾನದಲ್ಲಿ ಕಸುಬುದಾರರ ಆಳೆತ್ತರದ ಪ್ರತಿಮೆಗಳು ಹತಾರ ಹಿಡಿದು ನಿಂತಿವೆ. ಆದರೆ ಪ್ರತಿಮೆಗಳು ಹೆಸರು ಹೇಳಲಾರವು. ಆದುದರಿಂದ ಮನೆಯ ಅಟ್ಟದಲ್ಲಿ ಹತಾರವೊಂದು ಕಂಡರೆ ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯ ಮೇಲೆ ನಾಲ್ಕು ಸಂಗತಿ ಬರೆದು ಅದಕ್ಕೆ ಕಟ್ಟಿಡಿ: ಇದನ್ನು ಏನೆನ್ನುತ್ತಿದ್ದರು, ಯಾವ ಕೆಲಸಕ್ಕೆ, ಯಾವ ಊರಿನಲ್ಲಿ, ಯಾರ ಕೈಯಲ್ಲಿ. ಚೀಟಿಯಿದ್ದ ಹತಾರವನ್ನು ಗುಜರಿಯವನ ತಕ್ಕಡಿಗೆ ಹಾಕಲು ಮುಂದಿನವರು ಒಂದು ಗಳಿಗೆಯಾದರೂ ಹಿಂಜರಿಯುತ್ತಾರೆ.